ಸಹಿ ತಡೆದ ಅಧ್ಯಾಯ

ನನ್ನ ಪಿಎಚ್.ಡಿ. ಗೈಡ್ ಓದುವಾಗ ಬಲಗಿವಿಯ ತುದಿಯನ್ನು ಹಿಡಿದು ಜಗ್ಗುತ್ತಿದ್ದರು. ಕಿವಿ ಕೆಂಪಗಾಯಿತೆಂದರೆ ನನ್ನ ಪುಟಕ್ಕೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಮಲಾಡಿನ ಅವರ ಮನೆಯ ಸೋಫಾದ ಅಂಚಿನಲ್ಲಿ ಕುಳಿತು ನಾನು ಆ ಕಿವಿಯನ್ನೇ ನೋಡುತ್ತಿದ್ದೆ.

ಮೈಸೂರಿನ ಕಡೆಯವರು. ಗದರುತ್ತಿರಲಿಲ್ಲ. ವಾಕ್ಯದ ಮೇಲೆ ಬೆರಳಿಟ್ಟು, "ಇದು ನೀನು ಕಂಡಿದ್ದೋ, ಕೇಳಿದ್ದೋ, ಅಂದ್ಕೊಂಡಿದ್ದೋ?" ಎನ್ನುವರು. ಅಂದುಕೊಂಡದ್ದಾದರೆ ಪೆನ್ಸಿಲಿನ ಗೆರೆ ಎಳೆದು ಮುಂದೆ ಹೋಗುವರು. ಅಯ್ಯೋ, ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು!

ನನ್ನ ವಿಷಯ, ಉಡುಪಿ ಹೋಟೆಲುಗಳ ಕೆಲಸಗಾರರು ಮತ್ತು ಮುಂಬೈಯ ಕನ್ನಡ ರಾತ್ರಿಶಾಲೆಗಳು. ಎಂಬತ್ತರ ದಶಕದ ಕೊನೆ. ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಾಗಿತ್ತು. ತಪ್ಪಿದರೆ ನೋಂದಣಿ ರದ್ದು, ಕಾಲೇಜಿನ ಟೆಂಪರರಿ ಕೆಲಸವೂ ಹೋದಂತೆಯೇ. ಅಷ್ಟರಲ್ಲಿ ಗೈಡ್‌ಗೆ ದೊಡ್ಡ ಕಾಯಿಲೆ ಎಂದು ಗೊತ್ತಾಯಿತು. ಅವರ ಸಹಿಯಿಲ್ಲದೆ ಪ್ರಬಂಧವನ್ನು ಯಾರೂ ಮುಟ್ಟುವಂತಿರಲಿಲ್ಲ. "ಮೊದ್ಲು ಸಹಿ ಹಾಕಿಸ್ಕೊಂಡು ಬಾರೇ" ಎಂದು ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಅಮ್ಮನದು ದಿನಾ ವರಾತ. ನನಗೆ ಅನ್ನ ಸೇರುತ್ತಿರಲಿಲ್ಲ.

ಹೋದೆ. ಅವರು ಮೂರನೇ ಅಧ್ಯಾಯ ತೆರೆದರು. ಕಲಿಯುವ ಆಸಕ್ತಿಯಿಲ್ಲದೆ ಕೆಲಸಗಾರರು ಶಾಲೆ ಬಿಟ್ಟರು ಎಂದು ಬರೆದಿದ್ದೆ.

"ಅವರು ಹಾಗಂತ ಹೇಳಿದ್ರಾ?"

"ಇಲ್ಲ ಸರ್. ಹಾಜರಿ ನೋಡಿದ್ರೆ ಹಾಗನ್ಸುತ್ತೆ."

"ಅನ್ಸೋದಕ್ಕೆ ಡಾಕ್ಟರೇಟ್ ಯಾಕಮ್ಮ? ಹೋಗಿ ಕೇಳು."

"ಟೈಪೇ ಆಗಿದೆ ಸರ್! ಟೈಮಿಲ್ಲ. ನೀವು ಬೇರೆ..."

"ನಾನಿನ್ನೂ ಇದೀನಿ. ಬೇಗ ಹೋಗು" ಎಂದು ನಕ್ಕರು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಮಲಾಡ್ ಸ್ಟೇಷನ್ ಎದುರಿನ ಹೋಟೆಲಿನ, ಒಮ್ಮೆ ರಾತ್ರಿಶಾಲೆ ಬಿಟ್ಟಿದ್ದ ದೋಸೆ ಭಟ್ಟರನ್ನು ಮಧ್ಯಾಹ್ನದ ಬಿಡುವಿನಲ್ಲಿ ಹಿಡಿದೆ. "ಶಾಲೆ ಬೇಡ ಅಂತ ಯಾರು ಹೇಳಿದ್ದು ಅಕ್ಕಾ? ಕ್ಲಾಸಿನ ಟೈಮಿಗೇ ಇಲ್ಲಿ ಗಿರಾಕಿ ತುಂಬುದು. ಧಣಿ ಬಿಡ್ಬೇಕಲ್ಲ?" ಎಂದರು. ಮಾಟುಂಗದಲ್ಲೂ ವಿಕ್ರೋಳಿಯಲ್ಲೂ ಅದೇ ಉತ್ತರ. ಅಧ್ಯಾಯ ಪೂರ್ತಿ ತಲೆಕೆಳಗಾಯಿತು. ಲೋಕಲ್‌ನಲ್ಲಿ ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ನಿಂತು ತಿದ್ದಿದೆ. ಪಕ್ಕದ ಮನೆಯ ಫೋನ್ ಹೊಡೆದುಕೊಂಡರೆ ಸಾಕು, ಮಲಾಡಿನಿಂದಲೇ ಸುದ್ದಿ ಎಂದು ಕೈಲಿದ್ದ ಹಾಳೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಹೊಸ ಅಧ್ಯಾಯ ಮುಗಿಯುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ನಾನೇ ಓದಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಧಣಿ ಬಿಡದ ಸಂಗತಿಗೆ ಬಂದಾಗ, "ಇದ್ಯಾರು ಹೇಳಿದ್ದು?" ಎಂದರು.

"ದೋಸೆ ಭಟ್ಟರು ಸರ್."

"ಹಾಗಾದ್ರೆ ಅವರ ಮಾತನ್ನೇ ಹಾಕು. ನಿಂದು ತೆಗಿ."

ಅಲ್ಲೇ ಹೊಡೆದು ಹಾಕಿದೆ. ಆಮೇಲೆ ಪೆನ್ನು ಕೇಳಿದರು. ಸಹಿ ಗೆರೆಯಿಂದ ಆಚೆಗೆ ಹೋಯಿತು. ಆ ವಾರವೇ ತೀರಿಕೊಂಡರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೆಚ್ಚಿದ್ದು ಆ ಒಂದೇ ಅಧ್ಯಾಯವನ್ನು. ಹೊರಗೆ ಓಡಿಬಂದು ಪಬ್ಲಿಕ್ ಫೋನಿಗೆ ನಾಣ್ಯ ಹಾಕಿ, ಕೈಗೆ ರೂಢಿಯಾದ ಮಲಾಡಿನ ನಂಬರನ್ನು ತಿರುಗಿಸಿದೆ. ಆ ಕಡೆ ಎತ್ತಿದ ಸದ್ದಾದೊಡನೆ "ಸರ್!" ಎಂದುಬಿಟ್ಟೆ.

ಎತ್ತಿದ್ದು ಸರ್ ಅವರ ಹೆಂಡತಿ. ಅವರು ಕೇಳಿದರು: "ಪಾಸಾಯ್ತೇನಮ್ಮಾ?"