ಲೆಂಪಿ ಹೌಟಾಲಳ ಎರಡು

ಲೆಂಪಿ ಹೌಟಾಲಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಪೆನ್ನು ಮುಷ್ಕರ ಹೂಡುತ್ತದೆ. ನಮ್ಮೂರಿನ ಮೂರನೇ ನಂಬರಿನ ಶಾಲಾ ಬಸ್ಸನ್ನು ಅವಳು ಮೂವತ್ತೊಂದು ವರ್ಷದಿಂದ ಓಡಿಸುತ್ತಿದ್ದಾಳೆ. ಆ ಬಸ್ಸಿನ ರಿಪೇರಿ ನನ್ನ ಕೆಲಸ. ಅವಳ ರಿಪೇರಿ ಇದುವರೆಗೆ ಯಾರ ಕೈಲೂ ಆಗಿಲ್ಲ. ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳೆಂದರೆ ಐವತ್ತು ಮಕ್ಕಳ ಬಾಯಿ ಒಟ್ಟಿಗೆ ಮುಚ್ಚುತ್ತಿತ್ತು. ಬಸ್ಸಿನ ಹಿಂದೆ ಬರುತ್ತಿದ್ದ ಲಾರಿಯವನೂ ರೇಡಿಯೋ ಆರಿಸುತ್ತಿದ್ದ. ಒಂದು ವರ್ಷ ನಮ್ಮೂರ ಪಕ್ಕದ ಲೇಕ್ ಸುಪೀರಿಯರ್ ಸರೋವರ ಎರಡು ವಾರ ಮುಂಚೆಯೇ ಹೆಪ್ಪುಗಟ್ಟಿತು. ಹಿಂದಿನ ದಿನ ಲೆಂಪಿ ದಡದ ರಸ್ತೆಯಲ್ಲಿ ಸಿಟ್ಟಿನಿಂದ ಹೋಗಿದ್ದೇ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವನು ನಾನೇ, ಮೆಕ್ಯಾನಿಕ್ ವೇನೋ.

ಹೋದ ಮಾರ್ಚಿನಲ್ಲಿ ಅವಳು ಸೌನಾದ, ಅಂದರೆ ಹಿತ್ತಲಿನ ಹಬೆಸ್ನಾನದ ಮನೆಯ, ಮಾಡಿನ ಮೇಲಿನ ಹಿಮ ತೆಗೆಯಲು ಹತ್ತಿ, ಹಿಮದ ಜೊತೆಗೆ ತಾನೂ ಇಳಿದಳು, ಬಲಭುಜದ ಮೇಲೆ. ಯಾರಿಗೂ ಹೇಳಲಿಲ್ಲ. ಅಜ್ಜಂದಿರ ಕಾಲದಲ್ಲಿ ಫಿನ್ಲೆಂಡಿನಿಂದ ಬಂದ ನಮ್ಮ ಫಿನ್ನಿಶ್ ಮಂದಿ ನೋವು ಹೇಳುವುದಿಲ್ಲ. ಬಸ್ಸಿನ ಬಾಗಿಲು ತೆರೆಯುವ ಲಿವರ್ ಡ್ರೈವರಿನ ಬಲಕ್ಕೆ ಇರುತ್ತದೆ. ಅವಳು ಅದನ್ನು ಎಡಗೈಯಲ್ಲಿ ಪೊರಕೆಯ ಕೋಲು ಹಿಡಿದು ತಿವಿಯುತ್ತಿದ್ದಳು. ಶಾಲೆಗೆ ರಜೆ ಬಂದು ಬಸ್ಸು ಗ್ಯಾರೇಜಿಗೆ ಬಂದಾಗ ಆ ಕೋಲು ನನಗೆ ಸಿಕ್ಕಿತು.

"ಇದೇನೇ ಇದು, ಲೆಂಪಿ?"

"ಪೊರಕೆ."

"ಪೊರಕೆಗೆ ಬುಡದಲ್ಲಿ ಹುಲ್ಲಿರತ್ತೆ."

"ಉದುರಿಹೋಯ್ತು. ನಿನ್ನ ತಲೆ ಥರ. ಕೊಡಿಲ್ಲಿ."

ನಾನೇ ಎಳೆದುಕೊಂಡು ಹೋದೆ. ಡಾಕ್ಟರು ನೋಡಿ ಭುಜ ಬಿಗಿದುಕೊಳ್ಳುತ್ತಿದೆ, ಕೂಡಲೇ ಫಿಸಿಯೋಥೆರಪಿ ಶುರುವಾಗದಿದ್ದರೆ ಕೈ ಮೇಲೇಳುವುದಿಲ್ಲ ಎಂದರು. ಆಗಸ್ಟ್ ಇಪ್ಪತ್ತಕ್ಕೆ ಡ್ರೈವರುಗಳ ಪರೀಕ್ಷೆ ಇತ್ತು. ಬೆಲ್ಟು ಕಟ್ಟಿಕೊಂಡು ಸೀಟಿನಲ್ಲಿ ಕೂತು, ಬಾಗಿಲನ್ನು ಬಲಗೈಯಲ್ಲಿ ಮೂರು ಸಲ ತೆರೆದು ಮುಚ್ಚಬೇಕು. ಆಗದಿದ್ದರೆ ಬಸ್ಸು ಹೋಯಿತು. ಗಂಡ ಸತ್ತು, ನಾಯಿ ಸತ್ತು, ಮಗ ದೂರದೂರು ಸೇರಿ, ಜಗಳವಾಡಲು ಅವಳಿಗೆ ಉಳಿದಿದ್ದ ಸಂಸಾರವೆಂದರೆ ಆ ಬಸ್ಸೊಂದೇ.

ಅವಳದು ಅರೆಹೊತ್ತಿನ ಕೆಲಸ, ಹಾಗಾಗಿ ಇರುವುದು ಸರ್ಕಾರಿ ವಿಮೆಯ ಕಾರ್ಡು, ದುಡ್ಡು ಕಡಿಮೆಯೆಂದು ಹೆಚ್ಚಿನವರು ಮುಟ್ಟದ್ದು. ಸರ್ಕಾರದ ಪರವಾಗಿ ಆ ಕಾರ್ಡು ನಡೆಸುವ ಕಂಪನಿಯವರು "ನಿಮ್ಮ ಹತ್ತಿರದ ಫಿಸಿಯೋಥೆರಪಿಸ್ಟರು" ಎಂದು ಹದಿನೇಳು ಹೆಸರಿನ ಪಟ್ಟಿ ಕಳಿಸಿದರು. ಲೆಂಪಿ ನನ್ನ ಗ್ಯಾರೇಜಿನ ಫೋನಿನ ಮುಂದೆ ಕೂತಳು. ಮೊದಲನೆಯವನು ಸತ್ತಿದ್ದ. ಎರಡನೆಯವಳು ಬಿಸಿಲಿನ ಅರಿಜೋನಾಕ್ಕೆ ಹೋಗಿದ್ದಳು. ಲೆಂಪಿಯ ದೃಷ್ಟಿಯಲ್ಲಿ ಅದೂ ಅದೇ. ಮೂರನೆಯ ಕಡೆ ಹುಡುಗಿಯೊಬ್ಬಳು ಜೇನಿನಂತೆ ಮಾತಾಡಿ, "ಯಾವ ವಿಮೆ ಮೇಡಂ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಜೇನನ್ನೆಲ್ಲ ವಾಪಸು ಡಬ್ಬಿಗೆ ತುಂಬಿಕೊಂಡಳು. ನಾಲ್ಕನೆಯ ಕಡೆ ಕಾಯಿರಿ ಎಂದು ಹಾಕಿದ ಸಂಗೀತ ಎಷ್ಟು ಹೊತ್ತು ನುಡಿಯಿತೆಂದರೆ, ಕೂತಲ್ಲೇ ನನ್ನ ಗಡ್ಡ ಎದೆಗೆ ಇಳಿಯಿತು. ಎಂಟನೆಯವರು ಕಾರ್ಡು ತೆಗೆದುಕೊಳ್ಳುತ್ತಿದ್ದರು, ಆದರೆ ಇದ್ದದ್ದು ಗ್ರೀನ್ ಬೇಯಲ್ಲಿ. ಒಂಟಿಗೈಯಲ್ಲಿ ನಾಲ್ಕು ಗಂಟೆಯ ದಾರಿ. ಒಂಬತ್ತನೆಯವನು ಕೇಳಿದ:

"ಎಷ್ಟು ವಯಸ್ಸು?"

"ಅರವತ್ತೆರಡು."

"ಅಬ್ಬಾ! ಇನ್ನೂ ಓಡ್ತಾಳಾ?"

ಅವನು ಕುದುರೆಗಳ ಫಿಸಿಯೋ. ಲೆಂಪಿ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆದರೆ ಕಾಗದ ಸುಡುತ್ತದೆ.

ಹನ್ನೊಂದನೆಯ ನಂಬರಿಗೆ ಫೋನು ಎತ್ತಿದವಳು ಪೇಸ್ಟಿ ಅಂಗಡಿಯ ಬೆವರ್ಲಿ. ಮಾಂಸ, ಆಲೂಗೆಡ್ಡೆ ತುಂಬಿ ಕಡುಬಿನಂತೆ ಬೇಯಿಸುವ ಆ ಪೇಸ್ಟಿ ತಿನ್ನದವರು ನಮ್ಮೂರಲ್ಲಿಲ್ಲ. "ಭುಜವಾ ಮಂಡಿಯಾ?" ಎಂದಳು ಬೆವರ್ಲಿ, ನಾವು ಬಾಯಿ ತೆರೆಯುವ ಮೊದಲೇ. "ಆ ಪಟ್ಟೀಲಿ ನನ್ನ ನಂಬರು ತಪ್ಪಾಗಿ ಬಿದ್ದು ಮೂರು ವರ್ಷ. ನೋವಿನೋರೆಲ್ಲ ನಂಗೇ ಫೋನ್ ಮಾಡ್ತಾರೆ. ಎಲ್ರಿಗೂ ಒಂದೇ ಮಾತು ಹೇಳೋದು. ಹಳೇ ಚಪ್ಪಲಿ ಅಂಗಡೀಲಿ ಈಗ ಫಿಸಿಯೋ ಮಾಡೋ ಡ್ವೇನ್ ಪೆಲ್ಕಿ ಇದಾನಲ್ಲ, ಅವ್ನು ಆ ಕಾರ್ಡು ತಗೋತಾನೆ. ಪಟ್ಟೀಲಿ ಅವ್ನ ಹೆಸ್ರೇ ಇಲ್ಲ, ಅದೊಂದೇ ತೊಂದ್ರೆ."

ಲೆಂಪಿ ಫೋನನ್ನು ಕುಕ್ಕಿದಳು. "ಪೆಲ್ಕಿ! ಮೀನಿನ ಪೆಲ್ಕಿ!"

ತೊಂಬತ್ತನಾಲ್ಕರಲ್ಲಿ, ಹನ್ನೊಂದು ವರ್ಷದ ಪೆಲ್ಕಿ ಬಸ್ಸಿನ ಹೀಟರಿನೊಳಗೆ ಮೀನೊಂದನ್ನು ತುರುಕಿದ್ದ. ಈಸ್ಟರಿನ ತನಕ ಬಸ್ಸು ನಾರಿತು. ಬೆಕ್ಕುಗಳು ಮೆರವಣಿಗೆಯಲ್ಲಿ ಹಿಂದೆ ಓಡಿ ಬರುತ್ತಿದ್ದವು. ಫೆಬ್ರವರಿಯ ಚಳಿಯಲ್ಲಿ ಲೆಂಪಿ ಅವನನ್ನು ಮನೆ ಇನ್ನೂ ದೂರವಿರುವಾಗಲೇ ಇಳಿಸಿ, "ಮೂರು ಮೈಲಿ ತಾನೇ? ನಡಿ" ಎಂದು ಬಾಗಿಲು ಮುಚ್ಚಿದ್ದಳು.

ಒಂದು ವಾರ ಹಲ್ಲು ಕಡಿದು, ಕೊನೆಗೆ ನನ್ನ ಗಾಡಿ ಹತ್ತಿದಳು. ಪೆಲ್ಕಿ ಈಗ ಬಾಗಿಲಿನಷ್ಟು ಅಗಲ ಬೆಳೆದಿದ್ದ.

"ಬನ್ನಿ ಹೌಟಾಲಮ್ಮ. ನಡ್ಕೊಂಡು ಬಂದ್ರಾ?"

"ಲೋ ಪೆಲ್ಕಿ, ನಿನ್ನ ಹೆಸರು ಆ ಪಟ್ಟೀಲಿ ಯಾಕಿಲ್ಲ?"

"ನಾಲ್ಕು ಸಲ ಬರೆದೆ. ನನ್ನ ಜಾಗಕ್ಕೆ ಕುದುರೆಯವನನ್ನ ಹಾಕಿದಾರೆ. ಕೈ ಎತ್ತಿ."

ಕೈ ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತು. ಲೆಂಪಿಯ ಮುಖ ಸುಣ್ಣದಂತಾಯಿತು.

"ನೋವು ಒಂದರಿಂದ ಹತ್ತರೊಳಗೆ ಎಷ್ಟು?"

"ಎರಡು."

"ಹೌಟಾಲಮ್ಮ, ನಿಮ್ಮ ಮೂಗಿನ ತುದೀಲಿ ಬೆವರು ತೊಟ್ಟಿಕ್ತಾ ಇದೆ. ಮಗು ಹೆರೋವಾಗ ಎಷ್ಟಿತ್ತು?"

"ಎರಡು."

"ಕಿಡ್ನಿ ಕಲ್ಲು?"

ಅವಳು ಸ್ವಲ್ಪ ಯೋಚಿಸಿದಳು. "ಎರಡೂವರೆ. ನಮ್ಮಮ್ಮ ಸೌನಾದಲ್ಲಿ ನನ್ನನ್ನ ಹೆತ್ತು, ಎದ್ದು ಹೋಗಿ ಹಸುವಿನ ಹಾಲು ಕರೆದಳು. ನೀನು ಬರ್ಕೋ."

ಪೆಲ್ಕಿ ಬರೆದುಕೊಂಡು, ಚಿಕಿತ್ಸೆಗೆ ಒಪ್ಪಿಗೆ ಕೇಳಿ ವಿಮೆಯ ಕಂಪನಿಗೆ ಅರ್ಜಿ ಕಳಿಸಿದ. ಹತ್ತು ದಿನಕ್ಕೆ ಕಂಪನಿಯಿಂದ ಕಾಗದ ಬಂತು: ನೋವು ಹತ್ತಕ್ಕೆ ಎರಡು, ಆದ್ದರಿಂದ ಚಿಕಿತ್ಸೆಯ ಅಗತ್ಯವಿಲ್ಲ. ಹಿಮವನ್ನೇ ಕಾಣದ ಯಾವುದೋ ರಾಜ್ಯದಲ್ಲಿ ಕೂತು, ಮನುಷ್ಯರ ಭುಜವನ್ನು ಕಾಗದದ ಮೇಲೆ ಮಾತ್ರ ಕಂಡ ಪ್ರಾಣಿಯೊಂದು ಅದಕ್ಕೆ ಸಹಿ ಹಾಕಿತ್ತು. ಅದರ ಕಾಫಿ ಜೀವಮಾನವಿಡೀ ತಣ್ಣಗಿರಲಿ.

"ನಿಮ್ಮ ಎರಡು ಅವರಿಗೆ ಬರೀ ಎರಡು," ಎಂದ ಪೆಲ್ಕಿ. "ನಾನು ಸುಳ್ಳು ನಂಬರು ಬರೆಯಲ್ಲ. ನೀವೇ ನಿಜ ಹೇಳ್ಬೇಕು."

"ಗೋಳಾಡು ಅಂತೀಯಾ? ಆಫೀಸಿನೋರ ಮುಂದೆ?"

"ಹೇಳಿ ಅಂತೀನಿ."

"ಎರಡು!"

ಎರಡನೇ ಅರ್ಜಿಯೂ ತಿರುಗಿ ಬಂತು. ಜುಲೈ ಮುಗಿಯಿತು. ನಾನೂ ಬುದ್ಧಿ ಹೇಳಲು ಹೋಗಿ ಪೊರಕೆಕೋಲಿನ ಏಟು ತಿಂದೆ. ಎಡಗೈಯ ಏಟು, ಬಲಗೈ ನೆಟ್ಟಗಿದ್ದಿದ್ದರೆ ಈ ಕಥೆ ಬರೆಯಲು ನಾನಿರುತ್ತಿರಲಿಲ್ಲ.

ಆಗ ಪೆಲ್ಕಿ ನನಗೆ ಫೋನು ಮಾಡಿದ. "ವೇನೋ, ನಾಳೆ ಮೂರನೇ ನಂಬರು ತಗೊಂಡು ಬಾ. ಅವರನ್ನೂ ಕೂರಿಸ್ಕೊಂಡು ಬಾ."

ಬಸ್ಸನ್ನು ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದೆ. ಪೆಲ್ಕಿ ಲೆಂಪಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಪೊರಕೆಯ ಕೋಲು ಕಿತ್ತುಕೊಂಡು ಕೆಳಗಿಳಿದ. ನಾನು ಬಾಗಿಲು ಮುಚ್ಚಿ ಹಿಂದಿನ ಸೀಟಿಗೆ ಸರಿದೆ. ಅವನು ಹೊರಗಿನಿಂದ ಗಾಜು ಬಡಿದ, ಕೈಯಲ್ಲಿ ಅರ್ಜಿ.

"ಬಾಗಿಲು ತೆಗೀರಿ ಹೌಟಾಲಮ್ಮ! ಚಳಿ ಆಗ್ತಿದೆ!"

"ಆಗಸ್ಟಲ್ಲಿ ಎಂಥಾ ಚಳಿಯೋ, ಮೂಳ!"

"ಸೆಪ್ಟೆಂಬರಲ್ಲಿ ಇಲ್ಲಿ ನಿಂತ ಮಕ್ಕಳಿಗೂ ಹೀಗೇ ಅಂತೀರಾ? ಆಗ ಒಳಗೆ ಬೇರೆ ಯಾರೋ ಕೂತಿರ್ತಾರೆ ಬಿಡಿ. ಮಕ್ಕಳು ಹೀಟರಲ್ಲಿ ಮೀನಿಟ್ರೆ ಪಾಪ, 'ಇರಲಿ ಕಂದ' ಅನ್ನೋರು!"

ಅದು ನಾಟಿತು. ಲೆಂಪಿ ಲಿವರಿನ ಕಡೆ ಬಲಗೈ ಚಾಚಿದಳು. ಕೈ ಅರ್ಧಕ್ಕೆ ನಿಂತಿತು. ಬೆರಳ ತುದಿ ಲಿವರಿಗೆ ತಾಗಿ ಜಾರಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ನೋವಿನ ಸದ್ದೊಂದು ಬಂತು. ಹೆಂಚಿನ ಮೇಲಿನ ಪಾರಿವಾಳಗಳು ಎದ್ದು ಕೆನಡಾದ ಕಡೆ ಹಾರಿದವು.

"ಎಷ್ಟು?" ಎಂದು ಕೂಗಿದ ಪೆಲ್ಕಿ.

"ಒಂಬತ್ತು!" ಎಂದು ಕಿರುಚಿದಳು. "ಒಂಬತ್ತು ಕಣೋ, ಹಾಳಾದೋನೇ! ಮಾರ್ಚಿಂದ ಒಂಬತ್ತು! ರಾತ್ರಿ ಮಗ್ಗಲು ಬದಲಾಯಿಸಕ್ಕಾಗಲ್ಲ, ತಲೆ ಬಾಚಕ್ಕಾಗಲ್ಲ! ಬರ್ಕೋ!"

ಪೆಲ್ಕಿ ಗಾಜಿಗೆ ಕಾಗದ ಒತ್ತಿ, ಪ್ರತಿ ಮಾತನ್ನೂ ಬರೆದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನೂ ಹೀಟರನ್ನು ಪರೀಕ್ಷಿಸುವವನಂತೆ ಬಗ್ಗಿದೆ.

ತುರ್ತು ಅರ್ಜಿಯಾದ್ದರಿಂದ ಈ ಸಲ ಕಂಪನಿ ಮೂರೇ ದಿನಕ್ಕೆ ಹನ್ನೆರಡು ಭೇಟಿಗೆ ಒಪ್ಪಿತು. ಭಾನುವಾರವೂ ಬಿಡದೆ ದಿನಾ ಪೆಲ್ಕಿ ಅವಳ ಭುಜವನ್ನು ತಿರುಚಿದ, ಅವಳು ಅವನ ವಂಶವನ್ನು ಬೈದಳು. ಮನೆಯಲ್ಲಿ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿ ಮಾಡಿ ಬಣ್ಣ ಸವೆದು, ಪಕ್ಕದ ಕೋಣೆ ಕಾಣಿಸುತ್ತಿತ್ತು. ಆಗಸ್ಟ್ ಇಪ್ಪತ್ತರಂದು ಬಾಗಿಲನ್ನು ಎರಡು ಸಲ ಸಲೀಸಾಗಿ ತೆರೆದು ಮುಚ್ಚಿದಳು. ಮೂರನೇ ಸಲಕ್ಕೆ ಲಿವರ್ ಅರ್ಧಕ್ಕೆ ಸಿಕ್ಕಿಕೊಂಡಿತು, ಆದರೆ ಬಂತು. ಪರೀಕ್ಷೆಯ ಹೆಂಗಸು "ನೋವಿದೆಯಾ?" ಎಂದಾಗ, ಲೆಂಪಿ ಹಲ್ಲು ಕಚ್ಚಿ, "ನಾಲ್ಕು" ಎಂದಳು. ನಾನು ಕಿವಿಗೆ ಬೆರಳು ಹಾಕಿ ತಿರುಗಿಸಿದೆ.

ಶಾಲೆಯ ಮೊದಲ ದಿನ ಹೀಟರು ನೋಡಲು ನಾನೂ ಬಸ್ಸಿನಲ್ಲಿದ್ದೆ. ಚಪ್ಪಲಿ ಅಂಗಡಿಯ ಮುಂದಿನ ಸ್ಟಾಪಿನಲ್ಲಿ, ಮಕ್ಕಳ ಹಿಂದೆ ಪೆಲ್ಕಿ ನಿಂತಿದ್ದ. ಬಾಗಿಲು ತೆರೆಯಿತು. ಮಕ್ಕಳು ಹತ್ತಿದರು. ಅವನೂ ಮೆಟ್ಟಿಲ ಮೇಲೆ ಕಾಲಿಟ್ಟು, "ಹೌಟಾಲಮ್ಮ, ನನ್ನ ಗಾಡಿ ಕೆಟ್ಟಿದೆ. ಮನೇಲಿ ಫೈಲು ಮರೆತೆ. ಅಲ್ಲೀತನಕ ಬಿಡ್ತೀರಾ?" ಎಂದ. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಭುಜದ ಮೇಲಿತ್ತು.

"ಮೂರು ಮೈಲಿ ತಾನೇ? ನಡಿ" ಎಂದಳು ಲೆಂಪಿ.

ಅವನು ಕಾಲು ಹಿಂದಕ್ಕೆ ತೆಗೆದ. ಬಾಗಿಲು ಅವನ ಮೂಗಿನ ಮುಂದೆ ಧಡ್ ಎಂದು ಮುಚ್ಚಿತು. ಬಲಗೈಯಲ್ಲಿ.