ಗಿರಣಿ ಅಜ್ಜ ಕಂಡದ್ದು

ಹೋದ ತಿಂಗಳು ಒಂದು ಕೆಲಸದ ಮೇಲೆ ಗಂಗಾವತಿಗೆ ಹೋಗಿದ್ದೆ. ಬಸ್ ನಿಲ್ದಾಣಕ್ಕೆ ಹತ್ತಿರವಾದೀತೆಂದು ಯಾವುದೋ ಓಣಿ ಹೊಕ್ಕವನಿಗೆ ಅರ್ಧ ದಾರಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಬಂತು. ಆಗಷ್ಟೇ ಕಲ್ಲಿನಿಂದ ಇಳಿದ ಹಿಟ್ಟಿಗೆ ಮಾತ್ರ ಇರುವ ವಾಸನೆ ಅದು. ತುಸು ಸುಟ್ಟಂತೆ, ತುಸು ಸಿಹಿಯಾಗಿ, ಮೂಗಿಗಿಂತ ಮೊದಲು ಎದೆಗೆ ತಾಗುವಂಥದ್ದು. ಹಾಗೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ, ನನ್ನನ್ನು ಬಳಸಿಕೊಂಡು ಹೋದ. ನಾನು ಗಂಗಾವತಿಯಲ್ಲಿ ಇರಲಿಲ್ಲ. ಕುಷ್ಟಗಿಯ ನಮ್ಮ ಹಳೆಯ ಓಣಿಯಲ್ಲಿದ್ದೆ, ಹತ್ತು ವರ್ಷ ಹಿಂದೆ...

ಆಗ ನಮ್ಮದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ ಇಟ್ಟುಕೊಂಡು ಜನರಿಗೆ ಅರ್ಜಿ ಟೈಪು ಮಾಡಿಕೊಡುತ್ತಿದ್ದೆ. ಹೆಂಡತಿ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಒಂದೂವರೆ ವರ್ಷದ ಮಗಳು ನನ್ನ ಪಾಲಿಗೆ. ಎದುರಿಗೆ, ಹತ್ತು ಹೆಜ್ಜೆ ದಾಟಿದರೆ, ಗಿರಣಿ.

ಗಿರಣಿ ನಡೆಸುತ್ತಿದ್ದವರನ್ನು ಓಣಿಯವರೆಲ್ಲ ಗಿರಣಿ ಅಜ್ಜ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲವೂ ಹಿಟ್ಟಿನಿಂದ ಬೆಳ್ಳಗೆ. ಅದರ ಕೆಳಗಿದ್ದದ್ದು ಕಪ್ಪೋ ಬಿಳಿಯೋ ಯಾರಿಗೂ ಗೊತ್ತಿರಲಿಲ್ಲ. ಸಣ್ಣ ವಯಸ್ಸಿನಿಂದ ಆ ಸದ್ದಿನ ಪಕ್ಕ ನಿಂತು ನಿಂತು ಕಿವಿ ಹೋಗಿತ್ತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಆದರೆ ಗಿರಣಿ ತಿರುಗುವಾಗ ಯಾರ ಕಿವಿಗೂ ಏನೂ ಕೇಳುವುದಿಲ್ಲವಲ್ಲ. ಹೆಂಗಸರು ಡಬ್ಬಿ ಇಟ್ಟು, ದಪ್ಪಗೆ ಬೀಸಬೇಕೋ ಸಣ್ಣಗೆ ಬೀಸಬೇಕೋ ಎಂದು ಬಾಯಾಡಿಸಿದರೆ ಸಾಕು, ಅಜ್ಜ ತಲೆಯಾಡಿಸುತ್ತಿದ್ದರು. ಒಂದು ದಿನವೂ ತಪ್ಪು ಹಿಟ್ಟು ಕೊಟ್ಟವರಲ್ಲ.

ಮಗಳ ಕುತೂಹಲಕ್ಕೆ ಮಿತಿಯೇ ಇರಲಿಲ್ಲ. ಝೆರಾಕ್ಸ್ ಯಂತ್ರದ ಮುಚ್ಚಳ ತೆಗೆದು ಒಳಗೆ ಇಣುಕುವಳು. ಕಾಗದದ ಕ್ಲಿಪ್ಪುಗಳನ್ನು ಗಿರಾಕಿಗಳ ಚಪ್ಪಲಿಯೊಳಗೆ ತುಂಬುವಳು. ಇರುವೆ ಸಾಲಿನ ಪಕ್ಕ ಬೋರಲು ಮಲಗಿ, ಅವು ಹೋದಲ್ಲಿಗೆ ಗೋಡೆಯವರೆಗೂ ತೆವಳುವಳು. ಬಿಸಿಲಿನ ಕೋಲು ಕಿಟಕಿಯಿಂದ ಇಳಿದಾಗ ಅದರೊಳಗೆ ತೇಲುವ ಧೂಳನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಹತ್ತಿರ ಬಂದು, ಮುಷ್ಟಿ ಬಿಚ್ಚಿ, ಖಾಲಿ ಅಂಗೈ ತೋರಿಸಿ "ಉಂ?" ಎನ್ನುವಳು. ಅವಳಿಗಿದ್ದದ್ದು ಅದೊಂದೇ ಪ್ರಶ್ನೆ. ಬೆರಳು ಚಾಚುವುದು, ಉಂ ಎನ್ನುವುದು. ನಾನು ಟೈಪು ಮಾಡುತ್ತಲೇ ಉತ್ತರ ಹೇಳುತ್ತಿದ್ದೆ. ಅದು ಧೂಳು ಅವ್ವಿ. ಅದು ಹಲ್ಲಿ. ಅದು ಮಳಿ ಮೋಡ, ನಮ್ಮ ಊರಿಗೆ ಬರೂದಲ್ಲ. ದಿನಕ್ಕೆ ನೂರು ಉತ್ತರ ಹೇಳಿರಬಹುದು. ಮಾತು ಇನ್ನೂ ಬಂದಿರಲಿಲ್ಲ. ನಾನೂ ತಡವಾಗಿ ಮಾತಾಡಿದವನಂತೆ. ನನ್ನ ತಾಯಿ ಹಾಗೆ ಹೇಳಿ ನಮ್ಮ ಚಿಂತೆ ಕಳೆದಿದ್ದಳು.

ಕೆಲಸ ಜಾಸ್ತಿಯಾದ ದಿನ ಅರ್ಧ ತಾಸು ಗಿರಣಿಯಲ್ಲಿ ಬಿಟ್ಟು ಬರುತ್ತಿದ್ದೆ. ಗಿರಣಿ ಶುರುವಾದರೆ ಉಳಿದ ಕೂಸುಗಳು ಕಿರುಚಿ ತಾಯಂದಿರ ಸೀರೆಯೊಳಗೆ ಮುಖ ಹುದುಗಿಸುತ್ತಿದ್ದವು. ನಮ್ಮವಳು ಮಾತ್ರ ನಡೆದುಹೋಗಿ, ಯಂತ್ರ ಕೂರಿಸಿದ್ದ ಕಟ್ಟೆಯ ಬೆಲ್ಟಿಲ್ಲದ ಬದಿಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿ ನಗುತ್ತಿದ್ದಳು. ಹಿಟ್ಟಿನ ಬಿಳಿ ಮಂಜು ಅವಳ ರೆಪ್ಪೆಯ ಮೇಲೆ ಕೂರುತ್ತಿತ್ತು... ಭಾರಿ ಧೈರ್ಯದ ಕೂಸು ಎಂದು ಹೆಂಗಸರು ಹೊಗಳುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಮಗಳನ್ನು ಕರೆತರಲು ಹೋದೆ. ಅಜ್ಜ ಅವಳನ್ನು ಎದುರಿಗೆ ಕೂರಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು.

"ತಮ್ಮಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ," ಎಂದರು. "ಕೂಸಿನ ಕಿವಿ ಒಮ್ಮೆ ಡಾಕ್ಟರ್‌ಗೆ ತೋರ್ಸು."

ಅವಳ ಕಿವಿ ಸೋರುವುದಿಲ್ಲ, ನೋವೂ ಇಲ್ಲ ಎಂದು ಜೋರಾಗಿ ಹೇಳಿದೆ.

"ಸೋರೂದಲ್ಲ. ಅಕಿ ನಾ ನೋಡಿದಂಗ ನೋಡ್ತಾಳ. ಮಂದಿ ಮಾರಿ ನೋಡೂದಿಲ್ಲ, ಬಾಯಿ ನೋಡ್ತಾಳ."

ಮೈಯೆಲ್ಲ ಉರಿಯಿತು. ನನ್ನ ಮಗಳ ಧೈರ್ಯವನ್ನು, ಜಾಣತನವನ್ನು ಊರೇ ಹೊಗಳುವಾಗ ಈ ಮನುಷ್ಯ ಹೇಳುವುದು ಇದು. ಅವಳನ್ನು ಎತ್ತಿಕೊಂಡು ಬಾಗಿಲು ದಾಟುವಾಗ ಒಮ್ಮೆ ಹಿಂದಿರುಗಿ ನೋಡಿ, ಅಜ್ಜನಿಗೆ ಹೇಗೂ ಕೇಳುವುದಿಲ್ಲವೆಂಬ ಧೈರ್ಯದಿಂದ, ಮೆಲ್ಲಗೆ ಅಂದೆ: "ತಾ ಕಿವುಡ, ಊರೆಲ್ಲ ಕಿವುಡು ಅಂತಾನ ಮುದುಕ."

ಅವತ್ತಿನಿಂದ ಹಿಟ್ಟು ಬೀಸಿಸಲು ಬಸ್ ನಿಲ್ದಾಣದ ಹತ್ತಿರದ ಬೇರೆ ಗಿರಣಿಗೆ ಹೋಗತೊಡಗಿದೆ. ಮಗಳು ಎದುರಿನ ಬಾಗಿಲಿಗೆ ಬೆರಳು ಚಾಚಿ ಉಂ ಎಂದರೆ ಬೇರೆ ಕಡೆ ತಿರುಗಿಸುತ್ತಿದ್ದೆ. ಅಜ್ಜ ತಮ್ಮ ಹೊಸ್ತಿಲಲ್ಲಿ ಕುಳಿತು ಇತ್ತ ನೋಡುವರು. ಕರೆಯುತ್ತಿರಲಿಲ್ಲ.

ಆದರೆ ಮಾತು ಒಳಗೆ ಹೊಕ್ಕಿತ್ತು. ಇಪ್ಪತ್ತು ದಿನವಾದ ಮೇಲೆ, ಗಿರಾಕಿಗಳಿಲ್ಲದ ಒಂದು ಹೊತ್ತಿನಲ್ಲಿ, ಅವಳು ನನಗೆ ಬೆನ್ನು ಹಾಕಿ ಕುಳಿತು ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಯ ತೂತಿನಲ್ಲಿ ಇಳಿಸುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದೆ. ಕ್ಲಿಪ್ಪು ಇಳಿಸುತ್ತಲೇ ಇದ್ದಳು. ಚಮಚೆಯಿಂದ ತಟ್ಟೆ ಬಾರಿಸಿದೆ. ಇನ್ನೊಂದು ಕ್ಲಿಪ್ಪು. ಮತ್ತೆ ಬಾರಿಸಿದೆ, ಜೋರಾಗಿ. ಕೊನೆಗೆ ತಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಆಗ ತಿರುಗಿದಳು. ನನಗೆ ಜೀವ ಬಂದಂತಾಯಿತು. ಮರುಕ್ಷಣವೇ ಕಂಡಿತು: ಅವಳು ನನ್ನನ್ನು ನೋಡುವ ಮೊದಲು ಅಂಗೈಯನ್ನು ನೆಲದ ಮೇಲೆ ಇಟ್ಟು, ನೆಲ ನಡುಗಿತೇನೋ ಎಂದು ನೋಡಿದ್ದಳು...

ಸಂಜೆ ಹೆಂಡತಿಗೆ ಹೇಳಿದೆ. ಅವಳು ಚೀಲವನ್ನೂ ಕೆಳಗಿಡದೆ ಹಾಗೇ ಕುಳಿತಳು. ಮಗಳನ್ನು ಹತ್ತಿರ ಎಳೆದುಕೊಂಡು ಅಂದಳು: "ನನಗೂ ಒಂದೆರಡ್ ಸಲ ಅನಿಸಿತ್ರಿ. ಬಾಯಿ ಬಿಟ್ಟು ಅಂದ್ರ ಖರೇ ಆಗ್ತದಂತ ಅಂಜಿದ್ದೆ."

ಕೊಪ್ಪಳಕ್ಕೆ ಹೋದೆವು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಅವಳನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಹುಟ್ಟಿನಿಂದ ಮಂದ. ಯಂತ್ರ ಹಾಕಿದರೆ, ಬಿಡದೆ ಕಲಿಸಿದರೆ ಮಾತು ಬರುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯೆ ಸಮಾಧಾನ ಹೇಳಿದರು. ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದೂ ಕೇಳಿದರು. ನಾನು ಮಗಳ ಚಪ್ಪಲಿ ಹುಡುಕತೊಡಗಿದೆ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ಬೆರಳು ಚಾಚಿ ಉಂ ಎನ್ನುತ್ತಲೇ ಇದ್ದಳು. ಅಷ್ಟು ದಿನ ನಾನು ಹೇಳಿದ ಧೂಳು, ಹಲ್ಲಿ, ಮಳೆ ಮೋಡ, ಯಾವುದೂ ಅವಳನ್ನು ಮುಟ್ಟಿರಲಿಲ್ಲ. ಆದರೂ ಕೇಳುವುದನ್ನು ಅವಳು ಬಿಟ್ಟಿರಲಿಲ್ಲ.

ಕಿವಿಯ ಯಂತ್ರ ಬಂದದ್ದು ಮುಂದಿನ ತಿಂಗಳು. ಮೊದಲೆರಡು ದಿನ ಕಿತ್ತು ಕಿತ್ತು ಎಸೆದಳು. ಮೂರನೆಯ ದಿನ ಧೈರ್ಯ ಮಾಡಿ, ಅವಳನ್ನು ಎತ್ತಿಕೊಂಡು ಓಣಿ ದಾಟಿದೆ. ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡಿದ್ದೆ. ಗಿರಣಿ ತಿರುಗುತ್ತಿತ್ತು. ಹೊಸ್ತಿಲು ದಾಟಿದ್ದೇ ತಡ, ಮಗಳು ಕಿಟಾರನೆ ಕಿರುಚಿ, ನನ್ನ ಕುತ್ತಿಗೆಗೆ ಬಿದ್ದು ಭುಜ ಹತ್ತತೊಡಗಿದಳು. ಆ ಕಟ್ಟೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದ ಕೂಸು! ಸಾಲಿನಲ್ಲಿದ್ದ ಹೆಂಗಸರು ಪಾಪ, ಅಂಜಿತು ಎಂದರು. ಅಜ್ಜ ಅವಳ ತೆರೆದ ಬಾಯಿ ನೋಡಿದರು, ಕಿವಿಯ ಹಿಂದಿನ ಯಂತ್ರ ನೋಡಿದರು. ಕೈ ಚಾಚಿ ಮೋಟಾರು ನಿಲ್ಲಿಸಿದರು. ನಗುತ್ತಾ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಹಿಟ್ಟು, ಕಣ್ಣೀರು ಕಲೆತು ಕೆನ್ನೆಯ ಮೇಲೆ ಕಣಕದಂತೆ ಅಂಟಿತು.

ನಾನು ಜೋಡಿಸಿಕೊಂಡಿದ್ದ ಮಾತು ಶುರು ಮಾಡುವಷ್ಟರಲ್ಲಿ ಅವರೇ ಅಂದರು: "ಅವತ್ತು ಬಾಗಲದಾಗ ನೀ ಅಂದದ್ದು ನನಗ ತಿಳೀತು. ಬಾಯಿ ಕಾಣ್ತಿತ್ತಲ್ಲ."

ನಾನು ತಲೆ ತಗ್ಗಿಸಿದೆ. ಅಜ್ಜ ನನ್ನ ಗದ್ದ ಹಿಡಿದು ಮೇಲೆತ್ತಿದರು. "ತೆಳಗ ನೋಡಿದ್ರ ನೀ ಏನಂತಿ ನನಗ ತಿಳಿಯಂಗಿಲ್ಲ, ತಮ್ಮಾ. ಹೋಗ್ಲಿ ಬಿಡು. ಮಕ್ಕಳ ಬಗ್ಗೆ ಯಾರರ ಏನರ ಅಂದ್ರ ಅಪ್ಪಗ ಸಿಟ್ಟು ಬರೂದ ಛಲೋ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಅಕ್ಕ ನಮಗೆ ಹೇಳಿಕೊಟ್ಟದ್ದು ಇಷ್ಟು: ಬೆಳಕಿಗೆ ಮುಖ ಮಾಡಿ ಎದುರಿಗೆ ಕೂರಬೇಕು, ಕೂಗಬಾರದು, ಒಂದೇ ಮಾತನ್ನು ಬೇಸರವಿಲ್ಲದೆ ನೂರು ಸಲ ಹೇಳಬೇಕು. ನನಗೆ ಹತ್ತನೆಯ ಸಲಕ್ಕೇ ಬೇಸರ ಬರುತ್ತಿತ್ತು. ಅಜ್ಜನಿಗೆ ಬೇಸರವೆಂಬುದೇ ಇರಲಿಲ್ಲ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಅವಳನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು, ಅಂಗೈಗೆ ನಾಲ್ಕು ಕಾಳು ಹಾಕಿ, ಜ್ವಾಳ ಎನ್ನುವರು. ಹಿಟ್ಟು ಸವರಿ, ಹಿಟ್ಟು ಎನ್ನುವರು. ತಮ್ಮ ದನಿ ತಮಗೇ ಕೇಳದ ಮನುಷ್ಯ. ಅದು ಏರಿದ್ದೂ ಇಳಿದದ್ದೂ ಗೊತ್ತಾಗದೆ, ಒಮ್ಮೊಮ್ಮೆ ಪಿಸುಮಾತಾಗಿ, ಒಮ್ಮೊಮ್ಮೆ ಓಣಿಗೆಲ್ಲ ಕೇಳುವಂತೆ... ನನ್ನ ಟೈಪಿನ ಸದ್ದಿನ ನಡುವೆ ಆ ಎರಡು ಮಾತು ಅಲೆಯಂತೆ ಬರುತ್ತಿದ್ದವು. ನೀವೂ ಒಂದು ಯಂತ್ರ ಹಾಕಿಸಿಕೊಳ್ಳಿ ಎಂದರೆ, ಅರವತ್ತು ವರ್ಷ ಗಿರಣಿ ಕೇಳೀನಿ, ಸಾಕು ಎಂದು ಕೈ ಆಡಿಸುತ್ತಿದ್ದರು.

ಎಂಟು ತಿಂಗಳು ಕಳೆದವು. ಬೇಸಿಗೆಯ ಒಂದು ಮಧ್ಯಾಹ್ನ ನಾನು ಅವರ ಪಕ್ಕ ನಿಂತಿದ್ದೆ. ಮಗಳು ಅಜ್ಜನ ಧೋತರ ತಟ್ಟಿದಳು. ಬಿಳಿ ಪುಡಿ ಹಾರಿ ಬಿಸಿಲಿನಲ್ಲಿ ತೇಲಿತು. ಅದನ್ನು ನೋಡುತ್ತ, ತನಗೆ ತಾನೇ ಎಂಬಂತೆ, "ಹಿತ್ತು" ಎಂದಳು.

ಅಜ್ಜ ಅವಳ ತುಟಿ ಕಂಡಿದ್ದರು. ನನ್ನ ತೋಳು ಹಿಡಿದು ಕೇಳಿದರು: "ಅಂದ್ಳಲ್ಲ?"

"ಅಂದ್ಳು ಅಜ್ಜಾ."

"ದನಿ ಹೆಂಗೈತಿ?"

ಏನು ಹೇಳಲಿ? ನನ್ನ ಮಗಳ ದನಿಯಲ್ಲಿ ಮಾತನ್ನು ನಾನು ಕೇಳಿದ್ದೇ ಅದು ಮೊದಲು. ಅದನ್ನು ಕೇಳಲಾರದವರಿಗೆ ಹೇಗೆ ಕೊಡಲಿ? ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು. ಕೊನೆಗೆ ನಿಧಾನವಾಗಿ, ಒಂದೊಂದೇ ಮಾತು ಕಾಣುವಂತೆ ಹೇಳಿದೆ: "ಎಳಿ ಸೌತಿಕಾಯಿ ಮುರಿದಂಗ ಐತ್ರಿ."

ಅಜ್ಜ ಕಣ್ಣು ಮುಚ್ಚಿಕೊಂಡರು. "ಆ ಸಪ್ಪಳ ನೆನಪೈತಿ ನನಗ," ಎಂದರು.

ಆಮೇಲೆ ಮಾತುಗಳು ಒಂದರ ಹಿಂದೊಂದು ಬಂದವು. ಅವಳು ಅಂಗನವಾಡಿಗೆ, ನಂತರ ಶಾಲೆಗೆ ಹೋದಳು. ನಾವು ಬೇರೆ ಓಣಿಗೆ ಮನೆ ಬದಲಿಸಿದೆವು. ಅಜ್ಜನ ಮೊಣಕಾಲು ಸೋತಿತು, ಗಿರಣಿ ಮುಚ್ಚಿತು. ಅವರ ಮಗಳು ಬಂದು ತನ್ನೂರು ಹನುಮಸಾಗರಕ್ಕೆ ಕರೆದುಕೊಂಡು ಹೋದಳು. ಹೋಗಿ ನೋಡಬೇಕು ಎನ್ನುತ್ತಲೇ ಎರಡು ವರ್ಷ ಹೋದವು. ಮಗಳಿಗೆ ಏಳು ತುಂಬಿದಾಗ ಒಂದು ಭಾನುವಾರ ಹೋದೆವು.

ಅಜ್ಜ ಒಳಮನೆಯಲ್ಲಿ ಮಂಚದ ಮೇಲಿದ್ದರು, ಕಿಟಕಿಗೆ ಮುಖ ಮಾಡಿ. ಮೂರು ತಿಂಗಳಿಂದ ಬುದ್ಧಿ ನೆಟ್ಟಗಿಲ್ಲ, ಕೇಳಿದ್ದಕ್ಕೆ ಉತ್ತರವೇ ಕೊಡುವುದಿಲ್ಲ ಎಂದು ಅವರ ಮಗಳು ಹೇಳಿದಳು. ಕಿಟಕಿಗೆ ಬೆನ್ನು ಮಾಡಿ ನಿಂತು, ಯಾರು ಬಂದಾರ ನೋಡು ಎಂದು ಕಿವಿಯ ಹತ್ತಿರ ಬಾಗಿ ಕೂಗಿದಳು. ಅಳಿಯನೂ ಕೂಗಿದ. ಅಜ್ಜ ಅವರಾಚೆ ಕಿಟಕಿಯನ್ನೇ ನೋಡುತ್ತಿದ್ದರು.

ನನ್ನ ಮಗಳು ಸುಮ್ಮನೆ ನೋಡುತ್ತ ನಿಂತಿದ್ದವಳು ಮುಂದೆ ಬಂದಳು. "ಒದರಬ್ಯಾಡ್ರಿ," ಎಂದಳು. "ನಿಮ್ಮ ಬೆನ್ನಿಗಿ ಬೆಳಕೈತಿ. ಅಜ್ಜಗ ನಿಮ್ಮ ಬಾಯಿ ಕಾಣವಲ್ದು."

ಅವಳು ಮಂಚದ ಈಚೆ ಬದಿಗೆ ಬಂದು, ಅಜ್ಜನ ತೋಳು ತಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುಳಿತು, ಮೆಲ್ಲಗೆ, ಸಾಮಾನ್ಯ ದನಿಯಲ್ಲಿ, ಊಟ ಆಯ್ತೇನ್ರಿ ಅಜ್ಜಾ ಎಂದು ಕೇಳಿದಳು. ಅಜ್ಜ ಅವಳ ಬಾಯಿ ನೋಡಿದರು, ಕಿವಿ ನೋಡಿದರು. ಮುಖ ಅರಳಿತು. ಆಯ್ತವ್ವಾ ಎಂದರು. ಸಾಲಿಗಿ ಹೊಂಟಿಯೇನು ಎಂದು ಕೇಳಿದರು. ಆಮೇಲೆ ಸುಮಾರು ಒಂದು ತಾಸು ಅವರಿಬ್ಬರೇ ಮಾತಾಡಿದರು. ನಡುವೆ ಅಜ್ಜ, ಮಂಚ ತಿರುವಿ ಹಾಕ್ರಿ ಅಂತ ಎಷ್ಟ್ ದಿನದಿಂದ ಹೇಳಾಕತ್ತೀನಿ, ಯಾರೂ ಕೇಳವಲ್ರು ಎಂದು ದೂರಿದರು. ಅವರ ಮಗಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅಳಿಯನೂ ಸೇರಿ, ಕಿಟಕಿ ಅಜ್ಜನ ಬೆನ್ನಿಗೆ ಬರುವಂತೆ ಮಂಚ ತಿರುಗಿಸಿದೆವು.

ಅದೇ ಕೊನೆಯ ಭೇಟಿ. ಆ ದೀಪಾವಳಿಗೆ ಮುಂಚೆ ಅವರು ಹೋದರು. ಮಂಚ ತಿರುಗಿಸಿದ ಮೇಲೆ ಕೊನೆಯವರೆಗೂ ಎಲ್ಲರ ಜೊತೆ ಮಾತಾಡುತ್ತಿದ್ದರೆಂದು ಅವರ ಮಗಳು ಫೋನಿನಲ್ಲಿ ಹೇಳಿದಳು.

ಗಂಗಾವತಿಯಿಂದ ಬಂದ ಸಂಜೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳಿಗೀಗ ಹನ್ನೊಂದು. ಹನುಮಸಾಗರದ ಮಂಚ ಅವಳಿಗೆ ಚೆನ್ನಾಗಿ ನೆನಪಿದೆ. ಗಿರಣಿ, ಹೊಸ್ತಿಲು, ಆ ಬೇಸಿಗೆಯ ಮಧ್ಯಾಹ್ನ ಏನೂ ನೆನಪಿಲ್ಲ. ನಾನು ಹಿತ್ತು ಅಂದಿದ್ನೇನಪ್ಪಾ ಎಂದು ನಕ್ಕಳು. ಆ ಮಾತು ಹುಟ್ಟಿದಾಗ ಅಲ್ಲಿದ್ದವರು ನಾವು ಮೂರೇ ಜನ. ಅವಳಿಗೆ ನೆನಪಿಲ್ಲ. ಅಜ್ಜ ಇಲ್ಲ. ಹೌದಲ್ಲ, ಹಾಗೇ ಅಂದಿದ್ದಳಲ್ಲ ಎಂದು ನನ್ನ ಜೊತೆ ತಲೆಯಾಡಿಸುವವರು ಈಗ ಯಾರೂ ಉಳಿದಿಲ್ಲ...