ಗೇಣುದ್ದದ ಕೆಂಪು ದಾರ

ಗುಂಡಿ ಹಚ್ಚಲು ಸೂಜಿ ಹುಡುಕುತ್ತಿದ್ದಾಗ ಡಬ್ಬಿಯ ತಳದಲ್ಲಿ ಗೇಣುದ್ದದ ಕೆಂಪು ದಾರ ಸಿಕ್ಕಿತು. ನೋಡಿದ್ದೇ ತಡ, ಎಪ್ಪತ್ತರ ದಶಕದ ಸೊಲ್ಲಾಪುರ, ಚಾದರದ ಕಾರಖಾನೆ, ವಿನ್ಯಾಸದ ಹೊಣೆ ಹೊತ್ತಿದ್ದ ನಮ್ಮ ನಕಾಶಿ ಮಾಸ್ತರರು...

ಚಾದರದ ಹೂಬಳ್ಳಿಯೆಲ್ಲ ತೂತು ಕೊರೆದ ರಟ್ಟಿನ ಪಟ್ಟಿಗಳಲ್ಲಿ ಇರುತ್ತಿತ್ತು. ಪಟ್ಟಿಗಳ ಕಟ್ಟನ್ನು ಮಗ್ಗಕ್ಕೆ ಏರಿಸಿದರೆ ಅದು ಹೇಳಿದಂತೆ ಮಗ್ಗ ನೇಯುತ್ತಿತ್ತು. ಕಟ್ಟುಗಳೆಲ್ಲ ಒಂದೇ ಕಪಾಟಿನಲ್ಲಿ. ಯಾರು ಬೇಕಾದರೂ ತೆಗೆದು ನೋಡಬಹುದು. ಆದರೆ ಮಾಸ್ತರರು ತಪಾಸಣೆ ಮಾಡಿ ಕೆಂಪು ದಾರ ಕಟ್ಟಿದ್ದನ್ನು ಮಾತ್ರ ಮಗ್ಗಕ್ಕೆ ಏರಿಸಬೇಕು. ಸವೆದ ಪಟ್ಟಿಗಳ ನಕಲು ಕೊರೆಯುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಒಮ್ಮೆ ಮಾಸ್ತರರು ರಜೆಯ ಮೇಲೆ ಅಕ್ಕಲಕೋಟದ ಮನೆಯಲ್ಲಿದ್ದರು. ನಾನು ಹರಿದ ಕಟ್ಟೊಂದನ್ನು ನಕಲು ಮಾಡಿ ಕಪಾಟಿನಲ್ಲಿಟ್ಟು, ಹಳೆಯದನ್ನು ಒಲೆಗೆ ಹಾಕಿದ್ದೆ. ನನ್ನ ಜಾಣತನ ನೋಡಿ. ಬೆಳಿಗ್ಗೆ ಮಗ್ಗದವನು ಹೊಸ ಕಟ್ಟನ್ನು ತಿರುವಿ ಮುರುವಿ ನೋಡಿ, "ದಾರ ಇಲ್ರೀ ಅಕ್ಕಾರ, ನಾ ಹಚ್ಚಂಗಿಲ್ಲ" ಎಂದ.

ಪಾಳಿ ನೋಡಿಕೊಳ್ಳುವ ಮುಕಾದಮ ನನ್ನತ್ತ ತಿರುಗಿದ. "ಸಂಜಿ ಪಾಳಿಗೆ ಮಗ್ಗ ನಡೀಲಿಲ್ಲಂದ್ರ ನಾಳಿಂದ ಬರಬ್ಯಾಡ್ರಿ."

ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಎಸ್‌ಟಿ ಬಸ್ಸು ಹತ್ತಿದೆ. ಅಕ್ಕಲಕೋಟ ಮುಟ್ಟುವವರೆಗೆ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಮಾಸ್ತರರು ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದು, ಪಟ್ಟಿಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದರು. ಒಂದು ತೂತೂ ತಪ್ಪಿರಲಿಲ್ಲ.

"ಹಳೀ ಕಟ್ಟಿನ ದಾರ ಎಲ್ಲೈತಿ?"

ಒಲೆಗೆ ಹಾಕುವ ಮುನ್ನ ಬಿಚ್ಚಿಟ್ಟುಕೊಂಡಿದ್ದ ಅದು ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಬಿಚ್ಚಿ ಕೊಟ್ಟೆ. ಅವರು ನಗತೊಡಗಿದರು, ನಾನು ಅಳತೊಡಗಿದೆ...

"ತೂತು ಎಲ್ಲಾ ನಕಲ ಮಾಡಿ, ದಾರ ಅಷ್ಟ ಬಿಟ್ಟೀದಿ ತಂಗಿ. ಕೈಯಾಗ ಇದ್ರೂ ಯಾಕ ಕಟ್ಟಲಿಲ್ಲ?"

"ಕಟ್ಟೂ ಹಕ್ಕು ನಿಮ್ಮದೈತಲ್ರೀ."

ಅವರು ನಗು ನಿಲ್ಲಿಸಿದರು. ದಾರವನ್ನು ಎರಡು ತುಂಡು ಮಾಡಿ, ಒಂದನ್ನು ಕಟ್ಟಿಗೆ ಬಿಗಿದು ಇನ್ನೊಂದನ್ನು ನನ್ನ ಕೈಗಿಟ್ಟರು. "ಇನ್ಮ್ಯಾಲ ನೀನ ತಪಾಸ ಮಾಡಿ ನೀನ ಕಟ್ಟು. ಕಪಾಟಿನ್ಯಾಗ ಇಡೂಕಿಂತ ಮೊದ್ಲ."

ಸಂಜೆ ಪಾಳಿಯಲ್ಲಿ ಮಗ್ಗ ಸದ್ದು ಮಾಡಿದಾಗ ಹೋದ ಜೀವ ಬಂದಂತಾಯಿತು. ಮುಂದೆ ಎಷ್ಟೋ ಕಟ್ಟುಗಳಿಗೆ ನಾನೇ ದಾರ ಕಟ್ಟಿದೆ. ಆ ತುಂಡನ್ನು ಮಾತ್ರ ಯಾವುದಕ್ಕೂ ಕಟ್ಟಲಿಲ್ಲ.

ಅದನ್ನೇ ಹಿಡಿದು ಕೂತಿದ್ದಾಗ ಒಳಗೆ ಸೊಸೆ ಕಂಪ್ಯೂಟರ್ ಮುಂದೆ ಗೊಣಗುತ್ತಿದ್ದಳು. ಅವರ ತಂಡದವರೆಲ್ಲ ಹಂಚಿಕೊಳ್ಳುವ ಜಾಗದಲ್ಲಿ ಅವಳಿಟ್ಟ, ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟನ್ನು ಎಲ್ಲರೂ ಓದಬಹುದು, ಆದರೆ ಓಡಿಸಲು ಪರವಾನಗಿ ಇಲ್ಲವಂತೆ. ಆ ಪರವಾನಗಿಯನ್ನೂ ಜೊತೆಗೆ ಸೇರಿಸಿಡಲು ಮರೆತಿದ್ದಳಂತೆ.

"ದಾರ ಕಟ್ಟೂದು ಬಿಟ್ಟೀದಿ" ಎಂದೆ. ಅವಳು ಅರ್ಥವಾಗದೆ ನಕ್ಕಳು.

ಮಾಸ್ತರರಿದ್ದಿದ್ದರೆ ಅರ್ಥವಾಗುತ್ತಿತ್ತು. ಅವರು ಹೋಗಿ ಎಷ್ಟೋ ವರ್ಷವಾಯಿತು, ಕಾರಖಾನೆಯೂ ಈಗಿಲ್ಲ. ಕೆಂಪು ದಾರವನ್ನು ಮತ್ತೆ ಡಬ್ಬಿಯಲ್ಲಿಟ್ಟು, ಗುಂಡಿ ಹಚ್ಚಲು ಸೂಜಿಗೆ ಬಿಳಿಯದನ್ನು ಪೋಣಿಸಿದೆ.